ಬದು ಕಡಿಯುವ ನಿಮಿತ್ತ

ಹೆಣ್ಣು ಹಂದಿಯ ಅಂಡಾಣುಗಳು ಅದು ಹುಟ್ಟುವ ಆಸುಪಾಸಿನಲ್ಲೇ ಕೋಶವಿಭಜನೆಯನ್ನು ಆರಂಭಿಸಿ, ನಡುವೆಯೇ ನಿಂತುಬಿಡುತ್ತವೆ. ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಹಾಗೇ ಇರುತ್ತವೆ. ಪ್ರಾಯಕ್ಕೆ ಬಂದ ಹಂದಿಯ 21 ದಿನಗಳ ಋತುಚಕ್ರದಲ್ಲಿ ಎಲ್‌ಎಚ್ ಹಾರ್ಮೋನು ಒಮ್ಮೆಗೇ ಉಕ್ಕಿದಾಗ ಕೆಲವು ಅಂಡಾಣುಗಳು ಮಾತ್ರ ಮುಂದಕ್ಕೆ ಸಾಗುತ್ತವೆ. ಹಾಗಾದರೆ ಅವು ಮಾಗಿದ್ದು ಸ್ವಭಾವದಿಂದಲೋ ನಿಮಿತ್ತದಿಂದಲೋ? ಪತಂಜಲಿಯ ಯೋಗಸೂತ್ರದ ಕೈವಲ್ಯಪಾದದಲ್ಲಿ ಇಂಥ ಪ್ರಶ್ನೆಗೆ ದಿಟ್ಟ ಉತ್ತರವಿದೆ: ನಿಮಿತ್ತ ಪ್ರಕೃತಿಯನ್ನು ದೂಡುವುದಿಲ್ಲ, ಅಡ್ಡಿಯನ್ನಷ್ಟೇ ತೆಗೆಯುತ್ತದೆ, ರೈತ ಬದು ಕಡಿದರೆ ಸಾಕು, ನೀರು ತಾನೇ ಹರಿಯುತ್ತದೆ. 1935ರಲ್ಲಿ ಪಿಂಕಸ್ ಮತ್ತು ಎನ್ಜ್‌ಮನ್ ಎಂಬ ವಿಜ್ಞಾನಿಗಳು ಮೊಲದ ಅಂಡಾಣುವನ್ನು ಅದರ ಕೋಶಿಕೆಯಿಂದ ಹೊರತೆಗೆದಾಗ, ಯಾವ ಹಾರ್ಮೋನೂ ಇಲ್ಲದೆ ಅದು ವಿಭಜನೆಯನ್ನು ಮುಂದುವರಿಸಿತು. ತಡೆ ಇದ್ದದ್ದು ಸುತ್ತಲಿನ ಕೋಶಿಕೆಯಲ್ಲಿ. ಪತಂಜಲಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಆದರೂ ಈ ಸಾಕ್ಷಿ ಪೂರ್ತಿ ಅವನ ಪರವಾಗಿಲ್ಲ. ಹಂದಿಯ ಅಂಡಾಣುವನ್ನು ಸುತ್ತುವರಿದ ಕ್ಯುಮುಲಸ್ ಕೋಶಗಳು ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹಾರ್ಮೋನುಗಳ ಕರೆಗೆ ಓಗೊಟ್ಟು ತಾವೇ ಪ್ರೊಜೆಸ್ಟರಾನ್ ಎಂಬ ಸ್ಟೆರಾಯ್ಡ್ ತಯಾರಿಸುತ್ತವೆ. ಪ್ರಯೋಗಶಾಲೆಯಲ್ಲಿ ಈ ತಯಾರಿಕೆಯನ್ನು ಔಷಧದಿಂದ ತಡೆದರೆ ಅಂಡಾಣುವಿನ ಕೋಶಕೇಂದ್ರದ ಪೊರೆ ಕರಗುವುದೂ ತಗ್ಗುತ್ತದೆ. ಪ್ರೊಜೆಸ್ಟರಾನನ್ನು ಹೊರಗಿನಿಂದ ಸೇರಿಸಿದರೆ ಮತ್ತೆ ಚೇತರಿಸುತ್ತದೆ. ಎಂದರೆ ಬದುವನ್ನು ಕಟ್ಟಿದವರೂ ಕಡಿಯುವವರೂ ಒಂದೇ ಮನೆಯವರು. ಇನ್ನೊಂದು ತೊಡಕು: ಈ ಕೋಶಗಳನ್ನೆಲ್ಲ ಸುಲಿದ ಹಂದಿ ಅಂಡಾಣುವೂ ವಿಭಜನೆಯನ್ನೇನೋ ಮುಂದುವರಿಸುತ್ತದೆ, ಆದರೆ ವೀರ್ಯಾಣು ಒಳಹೊಕ್ಕ ಮೇಲೆ ಅದನ್ನು ಬಿಡಿಸಿ ಗಂಡು ಕೋಶಕೇಂದ್ರವಾಗಿ ರೂಪಿಸುವಲ್ಲಿ ಬಹಳ ಸಲ ಸೋಲುತ್ತದೆ. ಹರಿಯುವ ನೀರಿಗೆ ಸಿದ್ಧತೆ ಬೇಕಿಲ್ಲ, ಅಂಡಾಣುವಿಗೆ ಬೇಕು. ತಡೆಹಿಡಿದ ಆ ಕಾಲದಲ್ಲೇ ಅದರ ಯೋಗ್ಯತೆಯ ಒಂದು ಪಾಲು ತಯಾರಾಗಿರುತ್ತದೆ. ಸೂತ್ರದ ಹೋಲಿಕೆ ಎಡವುವುದು ಇಲ್ಲೇ.

ಇದೆಲ್ಲ ಬರೀ ರಸಾಯನಶಾಸ್ತ್ರ, ಅಣುವೇ ಕಾರಣ, ಸ್ವಭಾವ-ನಿಮಿತ್ತಗಳ ಗೊಡವೆ ಯಾಕೆ ಎನ್ನುವವರಿದ್ದಾರೆ. ಅವರು ಕಪ್ಪೆಯ ಅಂಡಾಣುವನ್ನು ನೋಡಬೇಕು. ಹೊರಗಿನಿಂದ ಪ್ರೊಜೆಸ್ಟರಾನ್ ಸೋಕಿಸಿದರೆ ಅದು ಮಾಗುತ್ತದೆ. ಅದೇ ಪ್ರೊಜೆಸ್ಟರಾನನ್ನು ಸೂಜಿಯಿಂದ ಒಳಗೇ ಚುಚ್ಚಿದರೆ ಮಾಗುವುದಿಲ್ಲ. ಗರ್ಭನಿರೋಧಕ ಮಾತ್ರೆಯಲ್ಲಿ ಇದರ ಬಂಧುಗಳು ಅಂಡ ಬಿಡುಗಡೆಯನ್ನೇ ತಡೆಯುತ್ತವೆ. ಅಣು ಎಲ್ಲಿ, ಯಾವಾಗ, ಯಾರಿಗೆ ತಲುಪಿತು ಎಂಬುದನ್ನು ಬಿಟ್ಟರೆ ಅಣುವಿನ ಕಾರಣತ್ವಕ್ಕೆ ಅರ್ಥವೇ ಉಳಿಯದು. ಯೋಗಸೂತ್ರ ಮಾತಾಡಿದ್ದು ಚಿತ್ತದ ವಿಷಯ, ಹಂದಿಯದ್ದಲ್ಲ ಎಂಬ ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಒಪ್ಪೋಣ. ಆದರೆ ಗದ್ದೆಯಿಂದ ಹೋಲಿಕೆ ತಂದ ಸೂತ್ರವನ್ನು ಅಂಡಾಶಯದಲ್ಲಿ ಒರೆಗೆ ಹಚ್ಚಿದರೆ ಅನ್ಯಾಯವಾಗದು. ಪ್ರಯೋಗಶಾಲೆಯವರಂತೂ ಈ ಪಾಠವನ್ನು ಕೆಲಸದಲ್ಲೇ ಕಲಿತರು: ಕಸಾಯಿಖಾನೆಯಿಂದ ತಂದ ಅಂಡಾಶಯಗಳಿಂದ ಅಂಡಾಣು ತೆಗೆದು ಸುಮಾರು 44 ಗಂಟೆ ಮಾಗಿಸುವಾಗ, ಮೊದಲ 20 ಗಂಟೆ ವಿಭಜನೆಯನ್ನು ಬೇಕೆಂದೇ ತಡೆಹಿಡಿಯುವ ರಾಸಾಯನಿಕವನ್ನು ಸೇರಿಸುವುದುಂಟು. ಹಾಗೆ ತಡೆದವುಗಳಿಂದ ಹೆಚ್ಚು ಭ್ರೂಣಗಳು ಬೆಳೆದದ್ದನ್ನು ಅವರು ಕಂಡಿದ್ದಾರೆ.