ತಾಲ್ಲೂಕಿನ ಗೆರೆ, ಕೇರಿಯ ಗೆರೆ

ಕ್ಷೇತ್ರ ಪುನರ್ವಿಂಗಡಣೆಯ ಮಾತು ಎದ್ದಾಗಲೆಲ್ಲ ನಮ್ಮ ಕಡೆ ಒಂದು ಕೂಗು ಕೇಳುತ್ತದೆ: 'ನಮ್ಮ ತಾಲ್ಲೂಕನ್ನು ಒಡೆಯಬೇಡಿ.' ಪಕ್ಷ ಯಾವುದೇ ಇರಲಿ, ಮುಖಂಡರು ಹೇಳುವುದು ಇದನ್ನೇ. ಒಂದು ತಾಲ್ಲೂಕಿಗೆ ಒಬ್ಬ ಎಮ್ಮೆಲ್ಲೆ, ಒಂದು ಜಿಲ್ಲೆಗೆ ಒಬ್ಬ ಎಂಪಿ. ಲೆಕ್ಕ ನೆಟ್ಟಗಿದೆ, ಇದರಲ್ಲಿ ಯಾರಿಗೇನು ಅನ್ಯಾಯ ಅಂತ ಕಾಣುತ್ತದೆ. ಆದರೆ ಈ 'ನಮ್ಮ ತಾಲ್ಲೂಕು' ಅನ್ನುವ ಮಾತಿನಲ್ಲಿ 'ನಮ್ಮ' ಅಂದರೆ ಯಾರು? ಊರಿನಿಂದ ಕೇರಿಯನ್ನು ಬೇರೆ ಮಾಡಿದ ಗೆರೆಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು, ಸರ್ಕಾರ ಒಂದು ಹೋಬಳಿಯನ್ನು ಪಕ್ಕದ ಕ್ಷೇತ್ರಕ್ಕೆ ಸೇರಿಸಿದ ದಿನ ಮಾತ್ರ ಅಖಂಡತೆಯ ಮಾತಾಡಿದರೆ ನಾವು ಅದನ್ನು ಹೇಗೆ ನಂಬುವುದು?

ಹಾಗಂತ ಆ ಕೂಗನ್ನು ಒಂದೇ ಏಟಿಗೆ ತಳ್ಳಿಹಾಕುವಂತೆಯೂ ಇಲ್ಲ. ಅದರೊಳಗೆ ಒಂದು ಸತ್ಯ ಇದೆ. ಕೂಗುವವರಿಗೆ ಆ ಸತ್ಯ ಬೇಕಾಗಿಲ್ಲ, ನಮಗೆ ಬೇಕು. ಆದ್ದರಿಂದ ಮೊದಲು ನಕಾಶೆಯನ್ನೇ ಬಿಚ್ಚಿ ನೋಡೋಣ.

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು, ಚನ್ನಗಿರಿ ಸೀಮೆಯವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ಬಂದವು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಹರಪನಹಳ್ಳಿ ಬಳ್ಳಾರಿಯಿಂದ ಬಂತು. 2008ರಲ್ಲಿ ಹೊಸ ಕ್ಷೇತ್ರಗಳು ಜಾರಿಗೆ ಬಂದವು. ಆ ವಿಂಗಡಣೆಯ ಮೇಲೆ ಮೊದಲು ಚುನಾವಣೆ ನಡೆದದ್ದು ನಮ್ಮ ರಾಜ್ಯದಲ್ಲೇ. ಆಮೇಲೆ ಕ್ಷೇತ್ರಗಳು ನಿಂತಲ್ಲೇ ನಿಂತವು, ಜಿಲ್ಲೆ ತಾಲ್ಲೂಕುಗಳು ಓಡಾಡಿದವು. 2018ರಲ್ಲಿ ಹರಪನಹಳ್ಳಿ ಬಳ್ಳಾರಿಗೆ ವಾಪಸು ಹೋಯಿತು; 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. 2018ರಲ್ಲೇ ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾಯಿತು.

ಈಗ ಸ್ಥಿತಿ ಹೀಗಿದೆ. ನ್ಯಾಮತಿ ಒಂದು ತಾಲ್ಲೂಕು, ಆದರೆ ಅದಕ್ಕೆ ತನ್ನದೇ ಶಾಸಕರಿಲ್ಲ. ಅಲ್ಲಿನವರು ಹೊನ್ನಾಳಿ ಕ್ಷೇತ್ರದ ಮತದಾರರು. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಕಡೆಯ ಊರುಗಳು ಪರಿಶಿಷ್ಟ ಜಾತಿಗೆ ಮೀಸಲಾದ ಮಾಯಕೊಂಡ ಕ್ಷೇತ್ರಕ್ಕೆ ಸೇರಿವೆ. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಜಗಳೂರು ಕ್ಷೇತ್ರದೊಳಗೆ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹೋಬಳಿಯ ಊರುಗಳಿವೆ.

ಇದು ಯಾಕೆ ಹೀಗಾಯಿತು? 2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 5.28 ಕೋಟಿ. ಅದನ್ನು 224 ಕ್ಷೇತ್ರಗಳಿಗೆ ಹಂಚಿದರೆ ತಲಾ 2.36 ಲಕ್ಷ. ತಾಲ್ಲೂಕುಗಳನ್ನು ಯಾರೂ ಈ ಅಳತೆಗೆ ಕತ್ತರಿಸಿ ಇಟ್ಟಿರಲಿಲ್ಲ. ಜಗಳೂರಿನಲ್ಲಿ ಜನ ಕಮ್ಮಿ ಬಿದ್ದರು, ಪಕ್ಕದಿಂದ ತಂದು ಸೇರಿಸಿದರು. ಚನ್ನಗಿರಿಯಲ್ಲಿ ಹೆಚ್ಚಾದರು, ತೆಗೆದು ಪಕ್ಕಕ್ಕೆ ಕೊಟ್ಟರು. 2002ರ ಪುನರ್ವಿಂಗಡಣಾ ಕಾಯ್ದೆ ಆಡಳಿತದ ಗಡಿಗಳನ್ನು ಗಮನಿಸಬೇಕು ಅನ್ನುತ್ತದೆ, ಆದರೆ ಸಾಧ್ಯವಿದ್ದಷ್ಟು ಮಟ್ಟಿಗೆ. ಒಬ್ಬನ ವೋಟಿಗೂ ಇನ್ನೊಬ್ಬನ ವೋಟಿಗೂ ಒಂದೇ ತೂಕ ಇರಬೇಕಾದರೆ ಎಲ್ಲೋ ಒಂದು ಕಡೆ ಗಡಿ ಮುರಿಯಲೇಬೇಕು.

ಈಗ ಅರಸೀಕೆರೆ ಹೋಬಳಿಯ ಒಬ್ಬ ಕೂಲಿ ಹೆಂಗಸನ್ನು ಊಹಿಸಿಕೊಳ್ಳಿ. ಅವಳ ವಿಧವಾ ವೇತನ ನಿಂತುಹೋಗಿದೆ. ತಹಸೀಲ್ದಾರರು ಹರಪನಹಳ್ಳಿಯಲ್ಲಿ. ಜಿಲ್ಲಾಧಿಕಾರಿ ದೂರದ ಹೊಸಪೇಟೆಯಲ್ಲಿ. ಅವಳ ಶಾಸಕರು ಜಗಳೂರಿನವರು, ಸಂಸದರು ದಾವಣಗೆರೆಯವರು. 'ಅದು ನಮ್ ಜಿಲ್ಲೆಗೆ ಬರಲ್ಲಮ್ಮ' ಅಂತ ಒಬ್ಬರು, 'ಅದು ನಮ್ ಕ್ಷೇತ್ರ ಅಲ್ಲವ್ವ, ಅಲ್ಲೋಗಿ ಕೇಳು' ಅಂತ ಇನ್ನೊಬ್ಬರು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿದಿದೆ ನಿಜ, ಆದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ಇನ್ನೊಂದು ತೊಡಕೂ ಇದೆ. ಸಂವಿಧಾನದ 371ಜೆ ವಿಧಿಯ ಸೌಲಭ್ಯ ಹರಪನಹಳ್ಳಿ ತಾಲ್ಲೂಕಿಗೆ ಉಂಟು, ಜಗಳೂರು ತಾಲ್ಲೂಕಿಗೆ ಇಲ್ಲ. ಒಬ್ಬರೇ ಶಾಸಕರ ಕೆಳಗೆ, ಒಂದೇ ಬರಗಾಲ ಉಣ್ಣುವ ಅಕ್ಕಪಕ್ಕದ ಊರುಗಳ ಮಕ್ಕಳಿಗೆ ನೌಕರಿಯ ಅರ್ಜಿಯಲ್ಲಿ ಎರಡು ಕಾನೂನು.

ಈ ಗೋಜಲಿನ ಭಾರ ಯಾರ ಮೇಲೆ ಬೀಳುತ್ತದೆ ನೋಡಿ. ಊರ ಗೌಡನಿಗೆ ನಾಲ್ಕೂ ಕಡೆ ಫೋನಿದೆ, ಕಾರಿದೆ, ಬೀಗರಿದ್ದಾರೆ. ಗೆರೆ ಎಲ್ಲಿ ಬಿದ್ದರೂ ಅವನ ಕೆಲಸ ಆಗುತ್ತದೆ. ತಾಲ್ಲೂಕು ಒಂದು ಕಡೆ, ಕ್ಷೇತ್ರ ಇನ್ನೊಂದು ಕಡೆ ಆದಾಗ ತಿರುಗಿ ಸವೆಯುವುದು ಕೂಲಿಕಾರರ ಕಾಲು. ಅಖಂಡ ತಾಲ್ಲೂಕಿನ ವಾದದಲ್ಲಿರುವ ಸತ್ಯ ಇಷ್ಟೇ, ಇದು ಸಣ್ಣ ಸತ್ಯವೇನಲ್ಲ.

ಈ ಅಳತೆಗೋಲು ಹಿಡಿದು ನ್ಯಾಮತಿಯನ್ನು ನೋಡಿದರೆ ಬೇರೆಯದೇ ಉತ್ತರ ಸಿಗುತ್ತದೆ. ಹೊಸ ತಾಲ್ಲೂಕಾದ್ದರಿಂದ ಸುರಗೊಂಡನಕೊಪ್ಪದ ಸುತ್ತಿನ ತಾಂಡಾದ ಜನ ಒಂದು ಪಹಣಿಗೆ, ಒಂದು ಜಾತಿ ಸರ್ಟಿಫಿಕೇಟಿಗೆ ಹೊನ್ನಾಳಿವರೆಗೆ ಹೋಗುವುದು ತಪ್ಪಬೇಕು. ಗೆರೆ ಎಳೆದದ್ದಕ್ಕೆ ಸಾರ್ಥಕ ಆಗುವುದು ಅಲ್ಲಿ. 'ತಾಲ್ಲೂಕಾಯಿತು, ನಮಗೂ ಒಬ್ಬ ಎಮ್ಮೆಲ್ಲೆ ಬೇಕು' ಅನ್ನುವುದಾದರೆ ಅದು ಬೇರೆ ಮಾತು. ಎರಡು ತಾಲ್ಲೂಕು ಕೂಡಿ ಒಂದು ಕ್ಷೇತ್ರವಾದರೆ ಬಡವನ ದಾರಿ ತಪ್ಪುವುದಿಲ್ಲ, ಕಚೇರಿ ಹತ್ತಿರವೇ ಇದೆ, ಶಾಸಕರು ಯಾರು ಅನ್ನುವುದರಲ್ಲಿ ಗೊಂದಲವಿಲ್ಲ. ನ್ಯಾಮತಿಗೆ ಶಾಸಕರಿಲ್ಲದ್ದು ಕೆಲವರ ಪ್ರತಿಷ್ಠೆಗೆ ಪೆಟ್ಟು. ಅರಸೀಕೆರೆ ಒಡೆದು ಹಂಚಿಹೋದದ್ದು ಬಡವರ ಹೊಟ್ಟೆಗೆ ಪೆಟ್ಟು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ಆಡಳಿತದ ಗಡಿಯನ್ನು ಮುಟ್ಟಲೇಬಾರದು ಅಂತ ಹಟ ಹಿಡಿದರೆ ಏನಾಗುತ್ತದೆ? ಇದಕ್ಕೆ ಅಮೆರಿಕದ ಅಲಬಾಮ ರಾಜ್ಯದ ಚರಿತ್ರೆಯನ್ನು ದಲಿತ ಹುಡುಗರು ಓದಲೇಬೇಕು. ನಮ್ಮಲ್ಲಿ ತಾಲ್ಲೂಕು, ಜಿಲ್ಲೆ ಇರುವ ಹಾಗೆ ಅಲ್ಲಿ ಕೌಂಟಿ. ಅಲಬಾಮದಲ್ಲಿ ಕೌಂಟಿಯ ಗಡಿ ಮುರಿಯದೆ ಮೇಲ್ಮನೆಯ ಕ್ಷೇತ್ರಗಳನ್ನು ಮಾಡಿದ್ದರು. ಆರು ಲಕ್ಷಕ್ಕೂ ಹೆಚ್ಚು ಜನರಿದ್ದ ಜೆಫರ್ಸನ್ ಕೌಂಟಿಗೆ ಒಬ್ಬ ಸದಸ್ಯ, ಹದಿನೈದು ಸಾವಿರದಷ್ಟು ಜನರಿದ್ದ ಲೌಂಡ್ಸ್ ಕೌಂಟಿಗೂ ಒಬ್ಬ ಸದಸ್ಯ. 1964ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನು ಹೊಡೆದುಹಾಕಿತು. ಪ್ರತಿನಿಧಿಸಬೇಕಾದ್ದು ಜನರನ್ನು, ನೆಲವನ್ನಲ್ಲ ಅನ್ನುವುದು ಅದರ ತಿರುಳು.

ಆದರೆ ಕಥೆಯ ಒಳಗಿನ ಕಥೆ ಇನ್ನೂ ಘೋರ. ಆ ಲೌಂಡ್ಸ್ ಕೌಂಟಿಯಲ್ಲಿ ನೂರಕ್ಕೆ ಎಂಬತ್ತು ಮಂದಿ ಕಪ್ಪು ಜನ. 1965ರ ಆರಂಭದವರೆಗೆ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಆ ಕೌಂಟಿಗೆ ಸಿಕ್ಕ ಅಷ್ಟೂ ಅಧಿಕಾರ ನಡೆದದ್ದು ಬೆರಳೆಣಿಕೆಯ ಬಿಳಿಯ ಜಮೀನ್ದಾರರ ಕೈಯಲ್ಲಿ. ಎಣಿಕೆಗೆ ಕಪ್ಪು ತಲೆ, ಗದ್ದುಗೆಗೆ ಬಿಳಿ ತಲೆ. ಅಲ್ಲಿನ ಕಪ್ಪು ಜನ ತಮ್ಮದೇ ಪಕ್ಷ ಕಟ್ಟಿ ಕಪ್ಪು ಚಿರತೆಯನ್ನು ಗುರುತಾಗಿ ಇಟ್ಟುಕೊಂಡರು. ಅದೇ ಗುರುತಿನಿಂದ 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹೆಸರು ಪಡೆಯಿತು. ಅದರ ಪ್ರೇರಣೆಯಿಂದ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು.

ಗಡಿ ಮುರಿದರೆ ನ್ಯಾಯ ತಾನಾಗಿಯೇ ಬರುತ್ತದೆಯೆ? ಅದೂ ಇಲ್ಲ. ಅದೇ ಅಲಬಾಮದ ಟಸ್ಕೀಗಿ ಪಟ್ಟಣದ ಗಡಿ ಚೌಕಾಕಾರವಾಗಿತ್ತು. 1957ರಲ್ಲಿ ಅದನ್ನು ಇಪ್ಪತ್ತೆಂಟು ಮೂಲೆಯ ಆಕೃತಿ ಮಾಡಿದರು. ಸುಮಾರು ನಾನೂರು ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿ ಬಿಟ್ಟು ಉಳಿದವರೆಲ್ಲ ಪಟ್ಟಣದ ಆಚೆ ಬಿದ್ದರು. ಬಿಳಿಯ ಮತದಾರ ಒಬ್ಬನೂ ಬೀಳಲಿಲ್ಲ. 1960ರಲ್ಲಿ ಕೋರ್ಟು ಇದನ್ನೂ ತಳ್ಳಿಹಾಕಿತು. ನೆಟ್ಟಗಿನ ಗೆರೆಯಿಂದಲೂ ತುಳಿಯಬಹುದು, ಸೊಟ್ಟ ಗೆರೆಯಿಂದಲೂ ತುಳಿಯಬಹುದು.

ನಮ್ಮ ಕಥೆಗೆ ಬರೋಣ. ನಾವು ಮತದಾರರ ಪಟ್ಟಿಯಲ್ಲಿದ್ದೇವೆ. ಆದರೆ 'ಎಣಿಕೆಗೆ ನಾವು, ಗದ್ದುಗೆಗೆ ಅವರು' ಅನ್ನುವ ಆಟ ಇಲ್ಲಿ ಬೇರೆ ವೇಷದಲ್ಲಿ ನಡೆಯುತ್ತದೆ. 1932ರ ಆಗಸ್ಟಿನಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಸಿಕ್ಕಿತು. ಸೆಪ್ಟೆಂಬರ್ 24ರ ಪುಣೆ ಒಪ್ಪಂದದಲ್ಲಿ ಅದು ಹೋಗಿ ಜಂಟಿ ಮತದಾನದ ಮೀಸಲು ಸ್ಥಾನ ಬಂತು. ಅಂದಿನಿಂದ ಮೀಸಲು ಕ್ಷೇತ್ರದಲ್ಲಿ ನಿಲ್ಲುವವನು ನಮ್ಮವನು, ಅವನನ್ನು ಆರಿಸುವ ವೋಟು ಬಹುತೇಕ ಎಲ್ಲ ಕಡೆ ಇತರರದ್ದೇ ಹೆಚ್ಚು. ಇಂಥ ಕ್ಷೇತ್ರದಲ್ಲಿ ಗೆದ್ದವನು ಕೇರಿಯ ಪರ ಗಟ್ಟಿಯಾಗಿ ಮಾತಾಡಿದರೆ ಮುಂದಿನ ಸಲ ಟಿಕೆಟ್ಟೇ ಅನುಮಾನ. ಇಷ್ಟಾದರೂ ಕ್ಷೇತ್ರ ಮೀಸಲಾದ ಕಡೆಯೆಲ್ಲ ಚಾದಂಗಡಿಯಲ್ಲಿ ಕೇಳುವ ಮಾತು 'ನಮ್ ಕ್ಷೇತ್ರ ಹೋಯ್ತು' ಎಂದೇ. ಎಲ್ಲಿಗೆ ಹೋಯಿತು ಸ್ವಾಮಿ? ವೋಟು ನಿಮ್ಮದೇ, ನೆಲ ನಿಮ್ಮದೇ, ಗುತ್ತಿಗೆದಾರರೂ ನಿಮ್ಮವರೇ.

'ಸಾಮಾನ್ಯ' ಅನ್ನುವ ಪದವೂ ಇದೇ ಜಾತಿಯದು. ಮೊದಮೊದಲು ದ್ವಿಸದಸ್ಯ ಕ್ಷೇತ್ರಗಳಿದ್ದವು: ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಮೀಸಲು. 1957ರಲ್ಲಿ ಆಂಧ್ರದ ಪಾರ್ವತೀಪುರಂ ಲೋಕಸಭಾ ಕ್ಷೇತ್ರದಲ್ಲಿ ಎರಡೂ ಸ್ಥಾನಗಳನ್ನು ಆದಿವಾಸಿ ಅಭ್ಯರ್ಥಿಗಳೇ ಗೆದ್ದರು. ಸೋತವರು ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಸಾಮಾನ್ಯ ಸ್ಥಾನ ಎಲ್ಲರದ್ದು, ಹೆಚ್ಚು ವೋಟು ಬಿದ್ದರೆ ಆದಿವಾಸಿಗೂ ಅದು ಸಲ್ಲುತ್ತದೆ ಎಂದು 1959ರಲ್ಲಿ ತೀರ್ಪಾಯಿತು. 1961ರಲ್ಲಿ ದ್ವಿಸದಸ್ಯ ಕ್ಷೇತ್ರಗಳೇ ರದ್ದಾದವು.

ಬಾಬಾಸಾಹೇಬರು ಈ ಅಪಾಯವನ್ನು ಮೊದಲೇ ಕಂಡಿದ್ದರು. ಭಾಷಾವಾರು ರಾಜ್ಯಗಳ ಬಗ್ಗೆ 1955ರಲ್ಲಿ ಬರೆದ ಪುಸ್ತಕದಲ್ಲಿ ಅವರು ತೋರಿಸಿದ್ದು ಇದನ್ನೇ: ನಕಾಶೆಯ ಮೇಲೆ ಎಂಥ ಗೆರೆ ಎಳೆದರೂ ಅದರೊಳಗೆ ಒಂದು ದೊಡ್ಡ ಜಾತಿ, ಅದರ ನೆರಳಲ್ಲಿ ಬದುಕುವ ಸಣ್ಣ ಜಾತಿಗಳು. ಇದಕ್ಕೆ ಅವರು ಸೂಚಿಸಿದ ಪರಿಹಾರ ಎರಡು ಮೂರು ಸ್ಥಾನಗಳ ಕ್ಷೇತ್ರ, ಮತ್ತು ಮತದಾರ ತನ್ನ ಅಷ್ಟೂ ವೋಟನ್ನು ಬೇಕಾದರೆ ಒಬ್ಬನಿಗೇ ಹಾಕುವ ಹಕ್ಕು. ಹಾಗಾದರೆ ಗೆರೆ ಎಲ್ಲಿದ್ದರೂ ಚದುರಿದ ಕೇರಿಗಳು ಒಂದಾಗಿ ಒಬ್ಬನನ್ನು ಗೆಲ್ಲಿಸಬಹುದು. ಎಪ್ಪತ್ತು ವರ್ಷವಾದರೂ ಈ ಮಾತನ್ನು ಯಾವ ಪಕ್ಷವೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ಗೆರೆ ಎಳೆಯುವುದು ಮಾತ್ರವಲ್ಲ, ಎಳೆಯದೆ ಕೂರುವುದೂ ರಾಜಕೀಯವೇ. 1971ರ ಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಪಟ್ಟಿಯಲ್ಲಿದ್ದ ಪ್ರಾದೇಶಿಕ ನಿರ್ಬಂಧ 1976ರಲ್ಲಿ ಹೋಯಿತು, 1981ರಲ್ಲಿ ನೂರಕ್ಕೆ ಐದರ ಹತ್ತಿರ ಬಂದರು. 1991ರಲ್ಲಿ ನಾಯಕರ ಪರ್ಯಾಯ ಹೆಸರುಗಳೂ ಪಟ್ಟಿಗೆ ಸೇರಿದವು. ಆದರೆ 1976ರಲ್ಲೇ ಸೀಟುಗಳನ್ನು 1971ರ ಲೆಕ್ಕಕ್ಕೆ ಕಟ್ಟಿಹಾಕಿದ್ದರು. ಹಾಗಾಗಿ 2008ರವರೆಗೆ ವಿಧಾನಸಭೆಯಲ್ಲಿ ಅವರಿಗೆ ಎರಡೇ ಮೀಸಲು ಸ್ಥಾನ. ಆಮೇಲೆ 15. ಪರಿಶಿಷ್ಟ ಜಾತಿಯ ಸ್ಥಾನ 33ರಿಂದ 36 ಆಯಿತು. ಜಗಳೂರು ಮೀಸಲಾದದ್ದು ಆ ಲೆಕ್ಕದಲ್ಲೇ. 'ನಮ್ಮ ತಾಲ್ಲೂಕನ್ನು ಕಲಸಿದರು' ಅನ್ನುವವರು ಕಲಸದೆ ಇದ್ದ ಮೂವತ್ತು ವರ್ಷದಲ್ಲಿ ಯಾರ ಪಾಲು ಯಾರು ಉಂಡರು ಅಂತಲೂ ಹೇಳಬೇಕಲ್ಲ?

ಪಂಚಾಯಿತಿಗಳಲ್ಲಿ ಆದದ್ದೂ ಇದೇ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿಯಿತು. ಆಗ ಕ್ಷೇತ್ರ ವಿಂಗಡಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು. ಗೆರೆಯ ನೆಪದಲ್ಲಿ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಕೇರಿಯ ಹೆಣ್ಣುಮಗಳೊಬ್ಬಳು ಮೆಂಬರಾಗಿ ಕೂರಬಹುದಾಗಿದ್ದ ಕುರ್ಚಿಯಲ್ಲಿ ಅಧಿಕಾರಿಗಳು ಕೂತರು.

ಹಾಗಾದರೆ ಗೆರೆ ಹೇಗಿರಬೇಕು? ತಾಲ್ಲೂಕಿನ ಗಡಿ ದೇವರು ಹಾಕಿದ್ದಲ್ಲ. ಬಡವನ ಓಡಾಟ ಉಳಿಯುವ ಕಡೆ ಅದನ್ನು ಉಳಿಸಿ, ಒಂದು ಜಾತಿಯ ಯಜಮಾನಿಕೆಗೆ ಅದು ಬೇಲಿಯಾಗಿರುವ ಕಡೆ ಮುರಿಯಿರಿ. ಮುರಿದ ಕಡೆ ಕಚೇರಿಯನ್ನೂ ಜೊತೆಗೆ ಹತ್ತಿರಕ್ಕೆ ತನ್ನಿ. ಈ ಸಂಗತಿಯನ್ನು ಕೆಳಗಿನಿಂದ ಅಳೆಯಬೇಕು: ಎಲ್ಲರಿಗಿಂತ ಕಡೆಗೆ ನಿಂತವಳಿಗೆ ತನ್ನ ಪ್ರತಿನಿಧಿ ಯಾರು ಅಂತ ಗೊತ್ತಿದೆಯೆ, ಅವನನ್ನು ಹೋಗಿ ಕೇಳಲು ಆಗುತ್ತದೆಯೆ, ಕೆಲಸ ಮಾಡದಿದ್ದರೆ ಸೋಲಿಸಲು ಆಗುತ್ತದೆಯೆ?

ಇದನ್ನು ಹೇಳಲು ನಮಗೆ ಜಾಗವೇನೂ ಇಟ್ಟಿಲ್ಲ. 2002ರ ಕಾಯ್ದೆಯ ಆಯೋಗದ ಜೊತೆ ಸಹಸದಸ್ಯರಾಗಿ ಕೂತವರು ಸಂಸದರು, ಶಾಸಕರು. ಜನರಿಗೆ ಉಳಿದದ್ದು ಕರಡು ಪ್ರಕಟವಾದಾಗ ಆಕ್ಷೇಪಣೆ ಬರೆಯುವ, ಬಹಿರಂಗ ಸಭೆಗೆ ಹೋಗುವ ಹಕ್ಕು. ಆಯೋಗದ ಆದೇಶವನ್ನು ಪ್ರಶ್ನಿಸುವಂತಿಲ್ಲ ಅಂತ ಬಹಳ ಕಾಲ ಹೇಳಿದರು; ತೀರಾ ಮನಸೋಇಚ್ಛೆಯದಾದರೆ ಕೋರ್ಟು ನೋಡಬಹುದು ಎಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಾಗಿಲು ಸ್ವಲ್ಪ ತೆರೆದಿದೆ.

ಹಳ್ಳಿಯ ಮೇಷ್ಟ್ರುಗಳೇ, ಗಣತಿಯ ಪಟ್ಟಿ ಹಿಡಿದು ಮನೆಮನೆಗೆ ಹೋಗುವವರು ನೀವು. 2027ರ ಗಣತಿಯಲ್ಲಿ ಜಾತಿಯನ್ನೂ ಬರೆಸುವುದಾಗಿ ಸರ್ಕಾರ 2025ರಲ್ಲಿ ಸಾರಿತು. ಮುಂದಿನ ಗೆರೆ ಬೀಳುವುದು ಇಂಥ ಲೆಕ್ಕದ ಮೇಲೆಯೇ. ಊರ ಪಟೇಲರ ಜಗುಲಿಯಲ್ಲಿ ಕೂತು ಕೇರಿಯ ಲೆಕ್ಕ ಬರೆಯಬೇಡಿ, ಕೇರಿಗೇ ಹೋಗಿ. ತಾಂಡಾದ ಜನ ಕಬ್ಬು ಕಡಿಯಲು, ಕಾಫಿ ಸೀಮೆಗೆ ಗುಳೆ ಹೋಗಿದ್ದರೆ ಬೀಗ ಹಾಕಿದ ಮನೆ ಅಂತ ಗುರುತು ಹಾಕಿ ಮುಂದೆ ನಡೆಯಬೇಡಿ. ವಿದ್ಯಾರ್ಥಿ ಗೆಳೆಯರು ತಮ್ಮ ಹೋಬಳಿಯ ನಕಾಶೆ ತಂದು, ಪ್ರತಿ ಊರಿನಿಂದ ತಹಸೀಲ್ದಾರ್ ಕಚೇರಿ ಎಷ್ಟು ದೂರ, ಶಾಸಕರ ಕಚೇರಿ ಎಷ್ಟು ದೂರ ಅಂತ ಬರೆದಿಡಲಿ. ಕರಡು ಬಂದ ದಿನ ಆಕ್ಷೇಪಣೆಯ ಜೊತೆ ಲಗತ್ತಿಸಲು ಆ ಕಾಗದ ನಮ್ಮ ಕೈಯಲ್ಲಿರಬೇಕು.