ದಾರಿ ಬಿಡುವವರು, ದಾಟಿ ಹೋಗುವವರು

ಬಡಾವಣೆಗೆ ಹೊಸ ಫೈಬರ್ ಬ್ರಾಡ್‌ಬ್ಯಾಂಡ್ ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ವೇಗ ಎಷ್ಟು? ತಿಂಗಳಿಗೆ ಎಷ್ಟು ಕಟ್ಟಬೇಕು? ಈ ಎರಡಕ್ಕೂ ಉತ್ತರ ಕಂಪೆನಿಯ ಕರಪತ್ರದಲ್ಲೇ ಇರುತ್ತದೆ. ಅದರಲ್ಲಿ ಉತ್ತರವಿಲ್ಲದ ಇನ್ನೆರಡು ಪ್ರಶ್ನೆಗಳಿವೆ. ಈ ಕೇಬಲ್ ನನ್ನ ಮನೆಗೆ ಬರುವುದು ಯಾರ ಅಂಗಳವನ್ನು ಹಾದು? ಅದು ನಿಲ್ಲದೆ ದಾಟಿ ಹೋಗುವುದು ಯಾರ ಬಾಗಿಲನ್ನು? ಮೊದಲಿನ ಎರಡು ಪ್ರಶ್ನೆಗಳು ಗ್ರಾಹಕನವು. ಕೊನೆಯ ಎರಡು ನೆರೆಯವನವು.

ಫೈಬರ್ ಎಂದರೆ ಕೂದಲೆಳೆಯಷ್ಟು ತೆಳುವಾದ ಗಾಜು. ಅದರೊಳಗೆ ಮಾಹಿತಿ ಬೆಳಕಿನ ಮಿಡಿತಗಳಾಗಿ ಹರಿಯುತ್ತದೆ. ಹಿಂದಿನ ಅನೇಕ ಜಾಲಗಳಲ್ಲಿ ಗಾಜಿನ ಎಳೆ ಬೀದಿಯ ಪೆಟ್ಟಿಗೆಯವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ಮನೆಯವರೆಗೆ ಹಳೆಯ ತಾಮ್ರದ ದೂರವಾಣಿ ತಂತಿಯೇ ಗತಿ. ಮನೆಯೊಳಗಿನವರೆಗೂ ಗಾಜೇ ಬಂದರೆ ಅದು ಪೂರ್ಣ ಫೈಬರ್. ಈ ವ್ಯವಸ್ಥೆಯಲ್ಲಿ ದುಬಾರಿಯಾದದ್ದು ಗಾಜಲ್ಲ, ಅದನ್ನು ಹೂಳುವ ಕೆಲಸ. ಮೊಬೈಲ್ ಗೋಪುರದ ಅಲೆಗಳು ಯಾರ ಬೇಲಿಯನ್ನೂ ಕೇಳದೆ ಗಾಳಿಯಲ್ಲಿ ಸಾಗುತ್ತವೆ. ಗಾಜಿನ ಎಳೆಯಾದರೋ ಅಡಿ ಅಡಿಯಾಗಿ ನೆಲವನ್ನು ದಾಟಬೇಕು. ಆ ನೆಲಕ್ಕೆಲ್ಲ ಒಬ್ಬೊಬ್ಬ ಒಡೆಯನಿದ್ದಾನೆ. ಇಷ್ಟು ಆಧುನಿಕವಾದ ತಂತ್ರಜ್ಞಾನವು ಮನುಷ್ಯನ ಅತಿ ಹಳೆಯ ಜಗಳವಾದ ದಾರಿಯ ಜಗಳಕ್ಕೆ ಬಂದು ನಿಲ್ಲುವುದು ಹೀಗೆ.

ಇಂಗ್ಲೆಂಡಿನ ಉತ್ತರ ಭಾಗದ ಲ್ಯಾಂಕಶೈರಿನಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ಗಮನಾರ್ಹ. ಅಲ್ಲಿನ ಕುರಿ ಸಾಕುವ, ಹೈನುಗಾರಿಕೆ ಮಾಡುವ ಹಳ್ಳಿಗಳಲ್ಲಿ ಮನೆಗಳು ಚದುರಿಕೊಂಡಿವೆ. ನಾಲ್ಕು ಮನೆಗಳಿಗಾಗಿ ಮೈಲುಗಟ್ಟಲೆ ಅಗೆಯುವುದು ದೊಡ್ಡ ಕಂಪೆನಿಗಳ ಲೆಕ್ಕಕ್ಕೆ ಹೊಂದಲಿಲ್ಲ. 2011ರಲ್ಲಿ ಊರಿನವರೇ ಸೇರಿ 'ಬ್ರಾಡ್‌ಬ್ಯಾಂಡ್ ಫಾರ್ ದ ರೂರಲ್ ನಾರ್ತ್' ಎಂಬ ಸಮುದಾಯ ಸಂಸ್ಥೆಯನ್ನು ಕಟ್ಟಿದರು. ಪಾಲು ಹಣ ಕೂಡಿಸಿದರು. ಗುದ್ದಲಿ ಹಿಡಿದು, ಸಣ್ಣ ಅಗೆಯುವ ಯಂತ್ರಗಳನ್ನು ತಂದು ಹೊಲಗಳಲ್ಲಿ ಕಾಲುವೆ ತೋಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ರೈತರು ತಮ್ಮ ಹೊಲದೊಳಗೆ ಕೇಬಲ್ ಹಾದುಹೋಗಲು ಹಣ ಪಡೆಯದೆ ಒಪ್ಪಿಗೆ ಕೊಟ್ಟರು. ರಸ್ತೆಯ ಡಾಂಬರು ಅಗೆಯುವುದಕ್ಕಿಂತ ಹುಲ್ಲುಗಾವಲು ಅಗೆಯುವುದು ಎಷ್ಟೋ ಅಗ್ಗ. ಆದ್ದರಿಂದ ಆ ಒಪ್ಪಿಗೆಯೇ ಅವರ ದೊಡ್ಡ ಬಂಡವಾಳವಾಯಿತು. ಸೆಕೆಂಡಿಗೆ 1000 ಮೆಗಾಬಿಟ್ ವೇಗದ ಸಂಪರ್ಕ ತಿಂಗಳಿಗೆ 30 ಪೌಂಡಿಗೆ ಹಳ್ಳಿಯ ಮನೆಗಳಿಗೆ ಬಂತು. ಆಗ ಬ್ರಿಟನ್ನಿನ ಎಷ್ಟೋ ನಗರವಾಸಿಗಳಿಗೂ ಅಂಥ ವೇಗ ಸಿಕ್ಕಿರಲಿಲ್ಲ. ಆ ಸಂಸ್ಥೆಯ ಗ್ರಾಹಕರು ಇಂದು ಹತ್ತು ಸಾವಿರಕ್ಕೂ ಹೆಚ್ಚು. ಎಷ್ಟೇ ಪಾಲು ಹಣ ಹಾಕಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ.

ಆ ರೈತರು ಕೊಟ್ಟದ್ದೇನು? ಹೊಲದ ಅಡಿಯಲ್ಲಿ ಒಂದು ಗೇಣು ಅಗಲದ ಜಾಗ. ಹುಲ್ಲು ಮತ್ತೆ ಬೆಳೆದ ಮೇಲೆ ಅಲ್ಲಿ ಏನಾದರೂ ಹೂತಿದೆ ಎಂಬುದೇ ತಿಳಿಯದು. ಕೊಟ್ಟವನಿಗೆ ನಷ್ಟವಿಲ್ಲ, ಪಡೆದವನಿಗೆ ಅಪಾರ ಲಾಭ. ಈಗ ನಾವು ಕೇಳಬೇಕಾದ ನೈತಿಕ ಪ್ರಶ್ನೆ ಇದು: ಹೀಗೆ ದಾರಿ ಬಿಡುವುದು ಔದಾರ್ಯವೋ, ಕರ್ತವ್ಯವೋ? ಬಿಡುವುದಿಲ್ಲ ಎಂದು ಒಬ್ಬ ಹಠ ಹಿಡಿದರೆ ಅವನನ್ನು ಒತ್ತಾಯಿಸಬಹುದೇ?

ಈ ಪ್ರಶ್ನೆ ಹದಿನಾಲ್ಕು ಶತಮಾನಗಳ ಹಿಂದೆ ಮದೀನಾದಲ್ಲಿಯೂ ಎದ್ದಿತ್ತು. ಆಗ ಹರಿಯಬೇಕಿದ್ದುದು ನೀರು. ಇಮಾಮ್ ಮಾಲಿಕ್‌ರ 'ಮುವತ್ತ' ಗ್ರಂಥದಲ್ಲಿ ಆ ಪ್ರಕರಣ ದಾಖಲಾಗಿದೆ. ದಹ್ಹಾಕ್ ಬಿನ್ ಖಲೀಫಾ ಎಂಬವರು ತಮ್ಮ ಜಮೀನಿಗೆ ಕಾಲುವೆ ತರಬೇಕಿತ್ತು. ಅದು ಮುಹಮ್ಮದ್ ಬಿನ್ ಮಸ್ಲಮ ಎಂಬವರ ಜಮೀನನ್ನು ಹಾದು ಬರಬೇಕಿತ್ತು. ಅವರು ಒಪ್ಪಲಿಲ್ಲ. ನಿಮಗೆ ತೊಂದರೆಯಿಲ್ಲ, ಮೊದಲೂ ಕೊನೆಗೂ ನೀರು ನಿಮಗೇ ಸಿಗುತ್ತದಲ್ಲ ಎಂದರೂ ಕೇಳಲಿಲ್ಲ. ದೂರು ಖಲೀಫಾ ಉಮರ್(ರ)ರ ಬಳಿಗೆ ಹೋಯಿತು. ಅವರು ಮೊದಲು ತಿಳಿಹೇಳಿದರು. ಆಮೇಲೂ ಹಠ ಬಿಡದಿದ್ದಾಗ ಕಾಲುವೆ ಹಾಯಲೇಬೇಕೆಂದು ಕಟುವಾಗಿಯೇ ಆಜ್ಞಾಪಿಸಿದರು. ನೆರೆಯವನು ತನ್ನ ಮನೆಯ ತೊಲೆಯನ್ನು ನಿಮ್ಮ ಗೋಡೆಯ ಮೇಲೆ ಊರಲು ಬಂದರೆ ತಡೆಯಬೇಡಿ ಎಂಬರ್ಥದ ಪ್ರವಾದಿ(ಸ) ವಚನವೂ ಹದೀಸ್ ಗ್ರಂಥಗಳಲ್ಲಿದೆ. ಆದರೆ ಧರ್ಮಶಾಸ್ತ್ರಜ್ಞರು ಇದನ್ನು ಒಂದೇ ರೀತಿ ಓದಲಿಲ್ಲ. ಇದು ಕಡ್ಡಾಯ, ತಡೆದವನನ್ನು ಒತ್ತಾಯಿಸಬಹುದು ಎಂದರು ಇಮಾಮ್ ಅಹ್ಮದ್ ಬಿನ್ ಹಂಬಲ್. ಇಮಾಮ್ ಅಬೂ ಹನೀಫಾ ಮತ್ತು ಇಮಾಮ್ ಮಾಲಿಕ್ ಇದನ್ನು ಉತ್ತಮ ನಡತೆಯ ಬೋಧನೆಯೆಂದು ತಿಳಿದರು. ಒಡೆತನ ಒಡೆತನವೇ, ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟಬಾರದು ಎಂಬುದು ಅವರ ಕಾಳಜಿ.

ಇಂದಿನ ಕಾನೂನುಗಳು ತಿಳಿಯದೆಯೇ ಈ ಹಳೆಯ ಚರ್ಚೆಯನ್ನು ಮುಂದುವರಿಸಿವೆ. ಫ್ಲ್ಯಾಟ್‌ಗಳ ಕಟ್ಟಡದಲ್ಲಿ ಒಬ್ಬ ನಿವಾಸಿ ಫೈಬರ್ ಬೇಕೆಂದಿದ್ದಾನೆ, ಆದರೆ ಕಟ್ಟಡದ ಒಡೆಯ ಕಂಪೆನಿಯ ಪತ್ರಗಳಿಗೆ ಉತ್ತರವನ್ನೇ ಕೊಡುವುದಿಲ್ಲ. ಅಂಥಲ್ಲಿ ನ್ಯಾಯಮಂಡಳಿಯ ಮೂಲಕ ಒಳಗೆ ಹೋಗಲು ಬ್ರಿಟನ್ 2021ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಭಾರತದ 2023ರ ದೂರಸಂಪರ್ಕ ಕಾಯ್ದೆಯೂ ಖಾಸಗಿ ಜಾಗದಲ್ಲಿ ದಾರಿಯ ಹಕ್ಕು ಪರಸ್ಪರ ಒಪ್ಪಂದದಿಂದ ಬರಬೇಕು ಎನ್ನುತ್ತದೆ. ಒಡೆಯ ಒಪ್ಪದಿದ್ದರೆ, ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಕಂಡರೆ, ಕೇಂದ್ರ ಸರಕಾರ ಮಧ್ಯೆ ಬರಬಹುದು. ಇದರ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದಿವೆ.

ಹಾಗಾದರೆ ಕಂಪೆನಿ ಕೇಳಿದ್ದಕ್ಕೆಲ್ಲ ತಲೆಯಾಡಿಸಬೇಕೇ? ಖಂಡಿತ ಇಲ್ಲ. ಮದೀನಾದ ಆ ತೀರ್ಪಿನಲ್ಲಿ ಎರಡು ಅಂಶಗಳಿದ್ದುದನ್ನು ಮರೆಯಬಾರದು. ದಾರಿ ಬಿಡುವವನಿಗೆ ಹಾನಿಯಾಗದು, ಆ ಕಾಲುವೆಯ ನೀರಿನಲ್ಲಿ ಅವನಿಗೂ ಪಾಲಿದೆ. ಈ ಎರಡನ್ನೂ ನಮ್ಮ ಬೀದಿಗಳಿಗೆ ಅನ್ವಯಿಸಿ ನೋಡಿ. ಬೆಂಗಳೂರಿನಲ್ಲಿ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಜೋತುಬಿದ್ದು ಪಾದಚಾರಿಯ ಕತ್ತಿನ ಮಟ್ಟಕ್ಕೆ ಇಳಿದ ಕೇಬಲ್‌ಗಳನ್ನು ಕಾಣದವರಿಲ್ಲ. ನಿನ್ನೆ ಡಾಂಬರು ಕಂಡ ರಸ್ತೆಯನ್ನು ಇಂದು ಅಗೆದು, ಮೇಲೆ ನಾಲ್ಕು ಬುಟ್ಟಿ ಮಣ್ಣು ಸುರಿದು ಹೋಗುವುದನ್ನೂ ಕಂಡಿದ್ದೇವೆ. ಮಳೆಗಾಲದಲ್ಲಿ ಆ ಗುಂಡಿಗೆ ಬೀಳುವವನು ಬಹುಶಃ ಆ ಸಂಪರ್ಕ ಪಡೆದವನಲ್ಲ. ಇಂಗ್ಲೆಂಡಿನ ಹಲ್ ನಗರದ ಸುತ್ತಮುತ್ತಲೂ ಇತ್ತೀಚಿನ ವರ್ಷಗಳಲ್ಲಿ ಬ್ರಾಡ್‌ಬ್ಯಾಂಡ್ ಕಂಪೆನಿಗಳು ಮನೆಗಳ ಮುಂದೆ ಹೊಸ ಕಂಬಗಳನ್ನು ನೆಟ್ಟಾಗ ನಿವಾಸಿಗಳು ಬೀದಿಗಿಳಿದು ಪ್ರತಿಭಟಿಸಿದರು. ನೆಲದಡಿಯ ಹಳೆಯ ಕೊಳವೆಗಳನ್ನು ಹಂಚಿಕೊಳ್ಳದೆ ಮತ್ತೆ ಕಂಬ ಯಾಕೆ ಎಂಬುದು ಅವರ ಪ್ರಶ್ನೆ. ಅದನ್ನು ಅಭಿವೃದ್ಧಿ ವಿರೋಧ ಎಂದು ತಳ್ಳಿಹಾಕುವುದು ಅನ್ಯಾಯ. ನೆರೆಹೊರೆಯ ಹೆಸರಿನಲ್ಲಿ ದಾರಿ ಕೇಳುವವನು ನೆರೆಯವನಂತೆ ನಡೆದುಕೊಳ್ಳಬೇಕು.

ಎರಡನೆಯ ಅಂಶ ಇನ್ನೂ ಗಂಭೀರವಾದುದು. ಈ ಉದ್ಯಮದಲ್ಲಿ 'ದಾಟಿದ ಮನೆಗಳು' ಎಂಬ ಒಂದು ಲೆಕ್ಕವಿದೆ. ಯಾವ ಮನೆಗಳ ಮುಂದೆ ಕೇಬಲ್ ಹಾದುಹೋಗಿದೆಯೋ, ಕೇಳಿದರೆ ಯಾವ ಮನೆಗಳಿಗೆ ಸಂಪರ್ಕ ಕೊಡಬಹುದೋ ಅವು ದಾಟಿದ ಮನೆಗಳು. ನಿಜವಾಗಿ ಸಂಪರ್ಕ ಪಡೆದವುಗಳ ಲೆಕ್ಕ ಬೇರೆ. ಇದನ್ನು ಕಂಡುಹಿಡಿದವರಿಗೆ ತಾವು ಎಂಥ ನೈತಿಕ ಪದವನ್ನು ಸೃಷ್ಟಿಸಿದೆವು ಎಂಬ ಅರಿವು ಇರಲಿಕ್ಕಿಲ್ಲ. ಬೀದಿ ಎಲ್ಲರದು. ಅಗೆತದ ಧೂಳು, ಸದ್ದು, ಗುಂಡಿ ಎಲ್ಲರಿಗೂ ಸಮಪಾಲು. ಬೆಳಕು ಮಾತ್ರ ಹಣ ಕಟ್ಟಬಲ್ಲವನಿಗೆ. ಕೂಲಿಕಾರನ ಮನೆ ದಾಟಿದ ಮನೆಗಳ ಪಟ್ಟಿಯಲ್ಲಿ ಸೇರಿ ಅಂಕಿಯನ್ನು ಹೆಚ್ಚಿಸುತ್ತದೆ, ಅಷ್ಟೇ.

ನಮ್ಮ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರಿನಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು. ಪಂಚಾಯಿತಿ ಕಚೇರಿಗೆ ಮುಟ್ಟಿದ ಗಾಜು ಗುಡ್ಡದಾಚೆಯ ಮನೆಗೆ ಮುಟ್ಟಬೇಕಲ್ಲ? 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಭಾಗದ ಒಂದು ಚಿತ್ರವನ್ನು ನಾಡೆಲ್ಲ ನೋಡಿತು. ಸುರಿವ ಮಳೆಯಲ್ಲಿ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳು, ಅವಳ ತಲೆಗೆ ಕೊಡೆ ಹಿಡಿದು ನಿಂತ ತಂದೆ. ಅದನ್ನು ಹಂಚಿಕೊಂಡವರು ತಂದೆಯ ಪ್ರೀತಿಯನ್ನು ಮೆಚ್ಚಿಕೊಂಡರು. ಆ ತಂದೆ ಅಲ್ಲಿ ಯಾಕೆ ನಿಲ್ಲಬೇಕಾಯಿತು ಎಂದು ಕೇಳಿದವರು ಕಡಿಮೆ. ಇಂಟರ್‌ನೆಟ್ ಬಳಕೆಯ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಕೇರಳ ಹೈಕೋರ್ಟ್ 2019ರಲ್ಲೇ ಹೇಳಿತ್ತು. ಹಾಸ್ಟೆಲಿನಲ್ಲಿ ಮೊಬೈಲ್ ನಿರ್ಬಂಧವನ್ನು ಒಪ್ಪದ ಒಬ್ಬ ವಿದ್ಯಾರ್ಥಿನಿಯ ಅರ್ಜಿಯ ಮೇಲೆ ಬಂದ ತೀರ್ಪು ಅದು. ಅದೇ ರಾಜ್ಯ 2023ರ ಜೂನ್‌ನಲ್ಲಿ ತನ್ನದೇ ಫೈಬರ್ ಜಾಲವನ್ನು ಉದ್ಘಾಟಿಸಿ, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವ ಗುರಿಯನ್ನು ಘೋಷಿಸಿತು. ಘೋಷಿಸಿದ್ದಕ್ಕೂ ತಲುಪಿಸುವುದಕ್ಕೂ ಅಂತರವಿದ್ದೇ ಇದೆ. ಆದರೂ ಬಡವನ ಮನೆಯನ್ನು ದಾಟುವ ಮನೆಯಾಗಿ ಅಲ್ಲ, ತಲುಪುವ ಮನೆಯಾಗಿ ಲೆಕ್ಕ ಹಿಡಿಯುವ ಆ ಕ್ರಮ ಸರಿಯಾದುದು.

ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ಸುಮ್ಮನಿರುವಂತಿಲ್ಲ. ಬೀದಿಗೆ ಅಗೆಯುವ ಯಂತ್ರ ಬಂದಾಗ ನಿವಾಸಿಗಳ ಸಂಘಕ್ಕೆ, ಜಮಾತಿಗೆ, ವಾರ್ಡಿನ ಪ್ರತಿನಿಧಿಗೆ ಕೇಳುವ ಬಾಯಿ ಇದೆ. ಗುಂಡಿ ಮುಚ್ಚುವುದು ಯಾವಾಗ? ಇನ್ನೊಂದು ಕಂಪೆನಿ ಬಂದರೆ ಇದೇ ಕೊಳವೆ ಬಳಸಬಹುದೇ, ಮತ್ತೆ ಅಗೆಯಬೇಕೇ? ಬಡಾವಣೆಯ ಸರಕಾರಿ ಶಾಲೆಗೆ, ಗ್ರಂಥಾಲಯಕ್ಕೆ ಒಂದು ಸಂಪರ್ಕ ಉಚಿತವಾಗಿ ಕೊಡುತ್ತೀರಾ? ಕೊನೆಯ ಗಲ್ಲಿಯ ಹತ್ತು ಮನೆಗಳನ್ನು ಬಿಟ್ಟದ್ದೇಕೆ? ದಾರಿ ಕೊಡುವ ಮುನ್ನ ಕೇಳಿದರೆ ಇವು ಷರತ್ತುಗಳು. ಕೊಟ್ಟ ಮೇಲೆ ಕೇಳಿದರೆ ಬರಿಯ ಗೊಣಗಾಟ.

ನನ್ನ ಮನೆಯ ಸಂಪರ್ಕಕ್ಕೆ ನಾನು ಹಣ ಕಟ್ಟುತ್ತೇನೆ, ಹಾಗಾಗಿ ಅದು ನನ್ನದು ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ನೆಲದಡಿಯಲ್ಲಿದೆ. ನಾನು ಎಂದೂ ಬಾಡಿಗೆ ಕೊಡದ ಎಷ್ಟೋ ಅಂಗಳಗಳನ್ನು, ಎಲ್ಲರ ತೆರಿಗೆಯಿಂದಾದ ರಸ್ತೆಗಳನ್ನು ಹಾದು ಆ ಬೆಳಕು ನನ್ನ ಬಾಗಿಲಿಗೆ ಬಂದಿದೆ. ಹಾಗೆ ಬಂದದ್ದನ್ನು ನನ್ನ ಬಾಗಿಲಲ್ಲೇ ಕೊನೆಯಾಗಲು ಬಿಡುವ ಹಕ್ಕು ನನಗಿಲ್ಲ.