ಕುಂಡೋದರ ಕೇಳಿದ್ದು

ದುಬೈಯಿಂದ ರಜೆಗೆ ಬಂದ ಅಕ್ಕನ ಮಗ ಮೊನ್ನೆ ನನ್ನ ಗ್ಯಾರೇಜಿನ ಬೆಂಚಿನಲ್ಲಿ ಕೂತು ಕೇಳಿದ: “ಮಾವ, ಲ್ಯಾಂಬೊರ್ಗಿನಿಯವರು ನಮ್ಮ ಉಡುಪಿ ಬದಿಗೆ ಯಾಕೆ ಬರುವುದಿಲ್ಲ?”

ಬ್ರಹ್ಮಾವರದಲ್ಲಿ 30 ವರ್ಷ ಗಾಡಿಗಳ ಅಡಿಯಲ್ಲಿ ಮಲಗಿದವನು ನಾನು. ರಸ್ತೆಯ ಹಂಪಿಗೆ ತಾಗಿ ಆಯಿಲ್ ಚೇಂಬರ್ ಒಡೆದುಕೊಂಡು ಬಂದ ಒಂದು ಕಾರನ್ನು ತೋರಿಸಿದೆ. ಅವನು ನಕ್ಕ. ಅವನಿಗೆ ಲೆಕ್ಕವೆಲ್ಲ ಬಾಯಿಪಾಠ: 2023ರಲ್ಲಿ ಆ ಕಂಪನಿ ಜಗತ್ತಿನಲ್ಲಿ ಕೊಟ್ಟದ್ದು 10,112 ಕಾರು, ಭಾರತದಲ್ಲಿ 103. ಅಷ್ಟಕ್ಕೆ ದೆಹಲಿ, ಮುಂಬೈ, ಬೆಂಗಳೂರು ಸಾಕಾಯಿತು. ದುಡ್ಡಿದ್ದವರು ಎಷ್ಟು, ರಸ್ತೆ ಹೇಗೆ, ಸುಂಕ ಎಷ್ಟು ಎಂದು ನೋಡಿಯೇ ಅವರು ಹೊರದೇಶಕ್ಕೆ ಕಾಲಿಡುವುದು. ಸುಂಕ ನಮಗೆ ಹಳೆಯ ಸಂಗತಿ. ಇಲ್ಲೇ ಪಕ್ಕದ ಬಾರ್ಕೂರಿಗೆ 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ, ಹಾದುಹೋಗುವ ಹಡಗುಗಳೂ ಇಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕಿತ್ತೆಂದು ಬರೆದಿದ್ದಾನೆ.

ಆದರೆ ಅದೇ ಬಾರ್ಕೂರಿನ ಐತಿಹ್ಯದಲ್ಲಿ ಇನ್ನೊಂದು ಪ್ರಶ್ನೆ ಇದೆ. ದೇವಪಾಂಡ್ಯ ಹೊಸ ಹಡಗು ಕಟ್ಟಿಸಿ ಸರಕು ತುಂಬಿಸಿದ. ಹಡಗು ಹೊರಡಬೇಕಾದರೆ ನಿನ್ನ ಮಗನನ್ನು ಬಲಿ ಕೊಡು ಎಂದು ಕುಂಡೋದರ ಭೂತ ಅಡ್ಡ ನಿಂತಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ದೇವಪಾಂಡ್ಯನ ಒಡಹುಟ್ಟಿದವಳು ತನ್ನ ಮಗ ಜಯಪಾಂಡ್ಯನನ್ನು ಕೊಟ್ಟಳು. ಭೂತ ಹುಡುಗನನ್ನು ಉಳಿಸಿ, ಭೂತಾಳಪಾಂಡ್ಯನೆಂದು ಹೆಸರಿಟ್ಟಿತು. ಅಲ್ಲಿಂದ ಆಸ್ತಿ ಸೋದರಳಿಯನಿಗೆ ಎಂಬ ಕಟ್ಟಳೆ ಹುಟ್ಟಿತು. ಕಥೆ ಹೇಳುವವರೆಲ್ಲ ಆ ತಾಯಿಯನ್ನು ಹೊಗಳುತ್ತಾರೆ. ನನಗೆ ಗೌರವ ಆ ಹೆಂಡತಿಯ ಮೇಲೆ, ಬೈಯುವವರು ಬೈಯಲಿ. ಹಡಗು ಗಂಡನದು, ಆಸೆಯೂ ಅವನದೇ. ಮಗುವಿನ ಜೀವ ಯಾಕೆ?

ಆಸೆ ಪಾಪವೆಂದರೆ ನನ್ನ ಗ್ಯಾರೇಜಿಗೆ ಬೀಗ ಹಾಕಬೇಕಾದೀತು. ಭೂತವೂ ವ್ಯಾಪಾರ ಬೇಡ ಅನ್ನಲಿಲ್ಲ. ನಿನ್ನದೇನು ಕೊಡುತ್ತೀ ಎಂದು ಕೇಳಿತು. ದೇವಪಾಂಡ್ಯ ತನ್ನದೇನನ್ನೂ ಕೊಡಲಿಲ್ಲ.

ಇಷ್ಟು ಹೇಳಿದ ನನಗೆ ಮುಂದೆ ಮಾತು ಬರಲಿಲ್ಲ. 9 ವರ್ಷದ ಹಿಂದೆ ಅಕ್ಕನ ಬಳೆ ಅಡವಿಡಿಸಿ ಇವನನ್ನು ವಿಮಾನ ಹತ್ತಿಸಿದ್ದು ನಾನೇ. ಗಾಡಿ ಎತ್ತುವ ಈ ಲಿಫ್ಟ್ ಅವನು ಕಳಿಸಿದ ದುಡ್ಡಿನದು. ನನ್ನ ಮಗ ಇಲ್ಲೇ, ಮನೆಯಿಂದ ಬ್ಯಾಂಕಿಗೆ ನಡೆದು ಹೋಗುತ್ತಾನೆ.

“ಗ್ಯಾರೇಜು ನಿನ್ನ ಹೆಸರಿಗೆ ಬರೆಯುತ್ತೇನೆ, ಬಂದುಬಿಡು,” ಅಂದೆ.

“ನೋಡುವ, ಮಾವ,” ಅಂದ. ಅವನ ರಜೆ ಇನ್ನು 11 ದಿನ ಇದೆ.